ತೋರಾ ಓದಲು ನೇರ ಅರ್ಥವೊಂದೇ ಸಾಕೇ?

ಪರ

ಸಾಕು. ತೋರಾ ಎಂದರೆ ಬೈಬಲಿನ ಮೊದಲ ಐದು ಪುಸ್ತಕಗಳು, ಯೆಹೂದ್ಯರ ಧರ್ಮಗ್ರಂಥ. ಅದನ್ನು ಓದುವಾಗ ವಾಕ್ಯದ ಹಿಂದುಮುಂದು ನೋಡಿ, ವ್ಯಾಕರಣ ನೋಡಿ, ಅದೇ ಬಗೆಯ ಮಾತು ಬೇರೆಡೆ ಹೇಗೆ ಬಂದಿದೆ ನೋಡಿ. ಯೆಹೂದಿ ಪಂಡಿತರು ಪೆಷಾಟ್ ಎನ್ನುವುದು ಇದನ್ನೇ. ನೇರ ಅರ್ಥವೆಂದರೆ ಅಕ್ಷರಕ್ಕೆ ಜೋತುಬೀಳುವುದಲ್ಲ. ಎಷ್ಟು ಸಲ ಹೇಳಿದರೂ ಎದುರಿನವರ ಕಿವಿಗೆ ಇದು ಬೀಳುವುದಿಲ್ಲ. 12ನೇ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಶ್ಬಾಮ್‌ನನ್ನು ತೆಗೆದುಕೊಳ್ಳಿ. ವಿಮೋಚನಕಾಂಡ 13:9ರ 'ಕೈಮೇಲಿನ ಗುರುತು' ಎಂದರೆ ಕೈಮೇಲೆ ಬರೆದಿಟ್ಟಂತೆ ಸದಾ ನೆನಪಿರಬೇಕಾದ್ದು ಎಂದ. ಆಧಾರಕ್ಕೆ ಪರಮಗೀತದ 'ಎದೆಯ ಮೇಲಿನ ಮುದ್ರೆ'ಯನ್ನು ತೋರಿಸಿದ. ಅಕ್ಷರಕ್ಕೆ ಅಂಟಿಕೊಂಡವನು ಹೀಗೆ ಓದುತ್ತಾನೆಯೇ?

ಗೂಢಾರ್ಥದವರ ಕೈಚಳಕ ನೋಡಬೇಕೆಂದರೆ ಆದಿಕಾಂಡ 14:14ಕ್ಕೆ ಬನ್ನಿ. ಅಬ್ರಾಮ 318 ಆಳುಗಳನ್ನು ಕಟ್ಟಿಕೊಂಡು ನಾಲ್ವರು ರಾಜರ ಬೆನ್ನಟ್ಟುತ್ತಾನೆ. 318 ಜನ ಅಲ್ಲ, ಅವನ ಸೇವಕ ಎಲೀಯೆಜರ್ ಒಬ್ಬನೇ ಎಂಬ ವ್ಯಾಖ್ಯಾನ, ಯೆಹೂದಿ ಪಂಡಿತರ ಕಾನೂನು ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿದೆ. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆಯಿದೆ. ಅವನ ಹೆಸರಿನ ಅಕ್ಷರಗಳ ಬೆಲೆ ಕೂಡಿ: ಆಲೆಫ್ 1, ಲಾಮೆದ್ 30, ಯೋದ್ 10, ಆಯಿನ್ 70, ಝಾಯಿನ್ 7, ರೇಶ್ 200. ಒಟ್ಟು 318, ಲೆಕ್ಕ ಸರಿ. ಆದರೆ ಆದಿಕಾಂಡ 2:5ರಲ್ಲಿ ಇನ್ನೂ ಹುಟ್ಟದ 'ಸಿಯಾಖ್' ಎಂಬ ಹೊಲದ ಗಿಡವಿದೆಯಲ್ಲ, ಅದನ್ನೂ ಕೂಡಿ: ಶಿನ್ 300, ಯೋದ್ 10, ಖೇತ್ 8. ಅದೂ 318! ಹಾಗಾದರೆ ರಾಜರನ್ನು ಓಡಿಸಿದ್ದು ಆ ಗಿಡವೇ? ವ್ಯಾಖ್ಯಾನಕಾರ ಇಬ್ನ್ ಎಜ್ರಾ ಆ 14:14ಕ್ಕೆ ಬರೆದ ಟೀಕೆಯಲ್ಲಿ, ಧರ್ಮಗ್ರಂಥ ಗೆಮಾಟ್ರಿಯಾದಲ್ಲಿ, ಅಂದರೆ ಇಂಥ ಅಕ್ಷರಲೆಕ್ಕದಲ್ಲಿ, ಮಾತಾಡುವುದಿಲ್ಲ, ಹಾಗೆ ಹೊರಟರೆ ಯಾವ ಹೆಸರನ್ನಾದರೂ ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿರುಗಿಸಬಹುದು ಎಂದು ಖಡಾಖಂಡಿತ ಹೇಳಿದ್ದಾನೆ.

ಕಣ್ಣು ಕಿತ್ತವನ ಕಣ್ಣು ಕೀಳಬೇಕೆನ್ನುವ ತೋರಾದ 'ಕಣ್ಣಿಗೆ ಕಣ್ಣು' ಏನಾಯಿತು ಎಂದು ಕೇಳುವವರಿದ್ದಾರೆ. ಅದು ನ್ಯಾಯಾಧೀಶರ ತಲೆನೋವು, ಓದುಗನದಲ್ಲ.

ವಿರೋಧ

ನನ್ನ ಪಾಲಿಗೆ ಬಂದ ಪಕ್ಷ ಇದು. ಗೆಮಾಟ್ರಿಯಾದ ಪರ ವಾದಿಸು ಎಂದರೆ ಆಗದು. ತೋರಾದ ಕಥೆಗಳು ಬರೀ ಉಡುಪು, ಒಳಗಿರುವುದೇ ಬೇರೆ ಎನ್ನುವ ಯೆಹೂದಿ ಅನುಭಾವ ಗ್ರಂಥ ಜೋಹರ್ ಕೂಡ ನನಗೆ ದೂರವೇ.

ಆದರೆ ತೋರಾ ಕಾನೂನೂ ಹೌದು. ನಿಘಂಟು ಹಿಡಿದು ಕೂತ ಪೆಷಾಟ್ ಪಂಡಿತರಿಗೆ ಇದು ಮರೆತೇಹೋಗುತ್ತದೆ. 'ಕಣ್ಣಿಗೆ ಕಣ್ಣು' ಎಂದರೆ ಹಣದ ಪರಿಹಾರ ಎಂದು ತಾಲ್ಮುದ್ ತೀರ್ಮಾನಿಸಿತು. ಕುರುಡನೇ ಇನ್ನೊಬ್ಬನನ್ನು ಕುರುಡು ಮಾಡಿದರೆ ಯಾವ ಕಣ್ಣು ಕೀಳುತ್ತೀರಿ? ಗಾಯ ಮಾಡಿದವನು ಐದು ಬಾಬ್ತು ಕೊಡಬೇಕು: ಅಂಗಹಾನಿ, ನೋವು, ಚಿಕಿತ್ಸೆ, ಕೆಲಸ ತಪ್ಪಿದ ನಷ್ಟ, ಅವಮಾನ. ಆ 'ಕೈಮೇಲಿನ ಗುರುತು' ವಾಕ್ಯವನ್ನು ಪಾಲಿಸಲು ಯೆಹೂದ್ಯರು ಪ್ರಾರ್ಥನೆಯಲ್ಲಿ ತೋಳಿಗೂ ತಲೆಗೂ ಕಟ್ಟಿಕೊಳ್ಳುವ ತೆಫಿಲಿನ್ ಪೆಟ್ಟಿಗೆಯದೂ ಅದೇ ಕಥೆ. ಕೈಯದರಲ್ಲಿ ತೋರಾದ ನಾಲ್ಕು ಭಾಗಗಳೂ ಒಂದೇ ಚರ್ಮದ ಹಾಳೆಯ ಮೇಲೆ, ತಲೆಯದರಲ್ಲಿ ನಾಲ್ಕು ಬೇರೆ ಬೇರೆ ಖಾನೆಗಳಲ್ಲಿ, ಇದ್ಯಾವುದೂ ಮೂಲವಾಕ್ಯದಲ್ಲಿಲ್ಲ. ಅಷ್ಟೇಕೆ, ಆಚರಣೆಗೆ ಸಂಪ್ರದಾಯದ ವಿಧಿಗಳೇ ಮುಖ್ಯ ಎಂದು ವಿಮೋಚನಕಾಂಡ 21ರ ಟೀಕೆಯ ಆರಂಭದಲ್ಲಿ ಒಪ್ಪಿಕೊಂಡವನು ಇವರ ರಶ್ಬಾಮನೇ.

ತಾಲ್ಮುದ್‌ನ ಸಂಪ್ರದಾಯ ಬೇಡವೆಂದ ಕರಾಯರು ಎಂಬ ಯೆಹೂದಿ ಪಂಗಡದವರೂ ಇದ್ದರು. ಶುಕ್ರವಾರ ಸಂಜೆ ಶುರುವಾಗುವ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ಬೆಂಕಿ ಹೊತ್ತಿಸಬಾರದು ಎಂಬ ವಾಕ್ಯ ಓದಿ, ಮುಂಚೆಯೇ ಹಚ್ಚಿದ ದೀಪವೂ ಉರಿಯಕೂಡದೆಂದು ಶುಕ್ರವಾರದ ರಾತ್ರಿಗಳನ್ನು ಕತ್ತಲಲ್ಲಿ ಕಳೆದರು. 15ನೇ ಶತಮಾನದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅವರ ಮುಖಂಡರೂ ದೀಪಕ್ಕೆ ಒಪ್ಪಿಗೆ ಕೊಟ್ಟರು.