ರೈತನ ಹೆಗಲ ಮೇಲಿನ ಆ ಕೈ

ಇಂದು ಬೆಳಿಗ್ಗೆ ಗದಗಿನ ಮುಳಗುಂದ ನಾಕಾದಲ್ಲಿ ಹೊಸ ಫ್ಲೆಕ್ಸ್ ಕಟ್ಟುತ್ತಿದ್ದರು. ಮೇಲಿನಿಂದ ಕೆಳಗಿನವರೆಗೆ ನಾಯಕರೇ ತುಂಬಿಕೊಂಡಿದ್ದಾರೆ. ಅವರ ಮೊಣಕೈಯಷ್ಟು ಎತ್ತರಕ್ಕೆ ಒಬ್ಬ ರೈತ, ಕೈಮುಗಿದು, ಕತ್ತೆತ್ತಿ ಅವರನ್ನೇ ನೋಡುತ್ತಿದ್ದಾನೆ. ಅವನ ಹೆಗಲ ಮೇಲೆ ಅವರ ಕೈ. ಹಿಂದೆ ನೀರು ತುಂಬಿದ ಭತ್ತದ ಗದ್ದೆ. ಕಡಲೆ, ಜೋಳ, ಮೆಣಸಿನಕಾಯಿ ಬೆಳೆಯುವ ಎರೆಹೊಲದವರ ಎದುರಿಗೆ ಭತ್ತದ ಗದ್ದೆ! ನಮ್ಮ ರೈತನದೇ ಒಂದು ಫೋಟೊ ಹುಡುಕುವಷ್ಟು ಗೌರವವೂ ಇವರಿಗಿಲ್ಲ. ಸಿಟ್ಟು ನೆತ್ತಿಗೇರಿತು, ನನ್ನ ಬಸ್ ಹೋದದ್ದೂ ತಿಳಿಯಲಿಲ್ಲ.

ಮುದ್ರಣ ಕಾಶಿ ಎನಿಸಿಕೊಂಡ ಈ ಗದಗಿನಲ್ಲಿ ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ ಕೆಲಸ, ಮಾಡಿಯೇ ಬದುಕಿದವನು. ಇಂಥ ಚಿತ್ರ ಹೇಗೆ ಹುಟ್ಟುತ್ತದೆಂದು ಬಲ್ಲೆ. ನಾಯಕರ ಫೋಟೊ ಕೆಳಗಿನಿಂದ ತೆಗೆದದ್ದಿರಬೇಕು, ಜನರದು ಮೇಲಿನಿಂದ. ನಾಯಕರ ಕಣ್ಣು ದೂರದಲ್ಲಿ, ಜನರ ಕಣ್ಣು ನಾಯಕರಲ್ಲಿ. ತಲೆಯ ಹಿಂದೆ ಒಂದಿಷ್ಟು ಬೆಳಕು ಚೆಲ್ಲಿದರೆ ಸಾಕು, ದೇವರ ಕ್ಯಾಲೆಂಡರ್ ನೋಡುತ್ತ ಬೆಳೆದ ನಮಗೆ ಉಳಿದದ್ದು ತಾನೇ ತಿಳಿಯುತ್ತದೆ. ಅವರು ಕೊಡುವವರು, ನೀನು ಬೇಡುವವನು. ಬರೆದು ಹೇಳಿದ್ದರೆ ನಾವು ಜಗಳಕ್ಕೆ ನಿಲ್ಲುತ್ತಿದ್ದೆವು. ಚಿತ್ರದ ಜೊತೆ ಹೇಗೆ ಜಗಳವಾಡುವುದು?

1917ರಲ್ಲಿ ಅಮೆರಿಕದ ಜೇಮ್ಸ್ ಮಾಂಟ್ಗೊಮರಿ ಫ್ಲ್ಯಾಗ್ ಸೈನ್ಯಕ್ಕೆ ಜನ ಸೇರಿಸಲು ಬರೆದ ಪೋಸ್ಟರಿನಲ್ಲಿ ಅಂಕಲ್ ಸ್ಯಾಮ್, ಅಮೆರಿಕ ದೇಶವನ್ನೇ ಸಂಕೇತಿಸುವ ಮುದುಕ, ಬೆರಳು ತೋರಿಸಿ ‘ನೀನು ಬೇಕು’ ಎಂದ. ಆ ಮುಖಕ್ಕೆ ಕಲಾವಿದನ ಮುಖವೇ ಮಾದರಿ. ಅಚ್ಚಾದದ್ದು 40 ಲಕ್ಷಕ್ಕೂ ಹೆಚ್ಚು ಪ್ರತಿ. ಹುಡುಗರನ್ನು ಯುದ್ಧಕ್ಕೆ ಎಳೆದ ಚಿತ್ರವದು, ಹೊಗಳಲಾರೆ. ಆದರೂ ಅದು ನೋಡುವವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿತು. ನಮ್ಮವರು ನಮ್ಮತ್ತ ನೋಡುವುದೂ ಇಲ್ಲ.

1938ರ ಹರಿಪುರ ಕಾಂಗ್ರೆಸ್ ಅಧಿವೇಶನವೂ ರಾಜಕೀಯವೇ ಆಗಿತ್ತು. ಗಾಂಧೀಜಿ ಕೇಳಿದರೆಂದು ಚಿತ್ರಕಾರ ನಂದಲಾಲ್ ಬೋಸರು ಅದಕ್ಕೆ ಚಿತ್ರಗಳನ್ನು ಬರೆದರು. ಅಲ್ಲಿ ಉಳುವವನು ಇದ್ದಾನೆ, ಡೋಲು ಬಾರಿಸುವವನು ಇದ್ದಾನೆ. ಉಳುವವನೇ ಚಿತ್ರದ ತುಂಬ. ಅವನ ಹೆಗಲ ಮೇಲೆ ಯಾರ ಕೈಯೂ ಇಲ್ಲ.

‘ಫ್ಲೆಕ್ಸ್ ನೋಡಿ ಯಾರು ಓಟು ಹಾಕುತ್ತಾರೆ, ಜನ ಜಾಣರು’ ಎಂದು ಗೆಳೆಯರು ಹೇಳುತ್ತಾರೆ. ಜಾಣರು ನಿಜ. ಆದರೆ ಒಂದೇ ಆಕೃತಿಯನ್ನು ಮತ್ತೆ ಮತ್ತೆ ತೋರಿಸಿದರೆ, ಅರ್ಥ ತಿಳಿಯದಿದ್ದರೂ ಮನಸ್ಸು ಅದರ ಕಡೆ ವಾಲುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಜಾಯನ್ಸ್ 1968ರಲ್ಲೇ ತೋರಿಸಿದ್ದರು. ನಾಕಾದಿಂದ ಬಸ್ ನಿಲ್ದಾಣದವರೆಗೆ ಅದೇ ಮುಖವನ್ನು ಲೆಕ್ಕವಿಲ್ಲದಷ್ಟು ಬಾರಿ ಕಟ್ಟುವವರಿಗೆ ಇದು ಗೊತ್ತಿಲ್ಲವೆಂದು ನಂಬಲು ನಾನು ಸಿದ್ಧನಿಲ್ಲ.

ಚುನಾವಣೆಯ ಪೋಸ್ಟರಿನಲ್ಲಿ ಮುದ್ರಕನ ಹೆಸರು ವಿಳಾಸ ಇರಲೇಬೇಕು; ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಮೀರಿದರೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಚಿತ್ರದಲ್ಲಿರುವ ರೈತ ಯಾರೆಂದು ಯಾವ ಕಲಮೂ ಕೇಳುವುದಿಲ್ಲ.

ಈ ಪಾಪದಲ್ಲಿ ನನ್ನ ಪಾಲೂ ಇದೆ. ಕೆಲವು ವರ್ಷಗಳ ಹಿಂದೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ನೇಕಾರ ತಾಯಿಯೊಬ್ಬರ ಫೋಟೊ ನನ್ನ ಕೈಗೆ ಬಂತು. ಮಗ್ಗದಲ್ಲಿ ಕುಳಿತು ಲಾಳಿ ಹಿಡಿದು ನೇರವಾಗಿ ನೋಡುತ್ತಿದ್ದರು. ಮಗ್ಗ ತೆಗೆದು, ಮುಖವನ್ನು ನಾಯಕರತ್ತ ವಾಲಿಸಿ ಕೊಡಲು ಫ್ಲೆಕ್ಸ್ ಮಾಡಿಸುವವರು ಹೇಳಿದರು. ಕೊಟ್ಟೆ, ಹಣವನ್ನೂ ತೆಗೆದುಕೊಂಡೆ. ವಾರದ ನಂತರ ಆ ತಾಯಿ ಅಂಗಡಿ ಹುಡುಕಿಕೊಂಡು ಬಂದರು. ಬೈಯಲಿಲ್ಲ. ‘ತಮ್ಮಾ, ನನ್ನ ಮಗ್ಗ ಎಲ್ಲಿ?’ ಎಂದಷ್ಟೇ ಕೇಳಿದರು.

ಅಂದಿನಿಂದ ಅಂಥ ಕೆಲಸ ಒಪ್ಪಿಕೊಂಡಿಲ್ಲ. ಅವರ ಮೂಲ ಫೋಟೊ, ಮಗ್ಗ ಇರುವುದು, ಇನ್ನೂ ನನ್ನ ಕಂಪ್ಯೂಟರಿನಲ್ಲಿದೆ. ನಾಳೆ ದೊಡ್ಡದಾಗಿ ಅಚ್ಚು ಹಾಕಿಸಿ ಬೆಟಗೇರಿಗೆ ಒಯ್ದು ಕೊಡುತ್ತೇನೆ.