ಬೆರಳಿಗೆ ಕಾಫಿಪುಡಿ

ಮೂಡಿಗೆರೆ ಹತ್ತಿರದ ಅತ್ತೆ ಮನೆಗೆ ಹೋದಾಗ ಹಲಸಿನಹಣ್ಣು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮಳೆಯಲ್ಲಿ ತೋಟಕ್ಕೆ ಹೋಗಿ ಹೊತ್ತು ತಂದವನೂ ನಾನೇ, ಕೈಗೆ ಎಣ್ಣೆ ಸವರಿಕೊಂಡು ಮೆಟ್ಟುಗತ್ತಿ ಮುಂದೆ ಕೂತವನೂ ನಾನೇ. ಮೇಣ ಅಂಟದಿರಲಿ ಅಂತ ಹಚ್ಚಿದ ಎಣ್ಣೆ ಹಣ್ಣನ್ನೇ ಜಾರಿಸಿತು. ತೋರುಬೆರಳು ಕತ್ತಿಗೆ ಸಿಕ್ಕಿತು.

ಮೊದಲು ರಕ್ತವೇ ಕಾಣಲಿಲ್ಲ. ಪೆಟ್ಟು ಬಿದ್ದ ರಕ್ತನಾಳ ಗೋಡೆಯ ಸ್ನಾಯು ಬಿಗಿದು ಒಂದು ಗಳಿಗೆ ಬಾಯಿ ಮುಚ್ಚಿಕೊಳ್ಳುತ್ತದೆ. 'ಏನೂ ಆಗಿಲ್ಲ ಬಿಡಿ' ಅನ್ನುವಷ್ಟರಲ್ಲಿ ಬಳಬಳ ಸುರಿಯಿತು. ಅತ್ತೆ ಓಡಿಬಂದು ಒಂದು ಹಿಡಿ ಕಾಫಿಪುಡಿ ಮೆತ್ತಿದರು.

"ಚಿಕೋರಿ ಇಲ್ಲದ ಪುಡಿ ಕಣೋ, ತಕ್ಷಣ ನಿಲ್ಲುತ್ತೆ!"

ನಿಲ್ಲಿಸುತ್ತಿದ್ದವರು ಬೇರೆಯೇ ಇದ್ದರು. ರಕ್ತನಾಳದ ಒಳಮೈಗೆ ಒಂದೇ ಪದರ ಜೀವಕೋಶಗಳ ನುಣುಪು ಹಾಸು ಇರುತ್ತದೆ. ಅದು ಹರಿದರೆ ಅಡಿಯ ಕೊಲಾಜೆನ್ ಎಳೆಗಳು ಬಯಲಾಗುತ್ತವೆ. ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನು ಹಲಸಿನ ಮೇಣದ ಹಾಗೆ ಅಲ್ಲಿ ಮೆತ್ತಿಕೊಂಡು, ರಕ್ತದಲ್ಲಿ ತೇಲಿಬರುವ ಪುಟ್ಟ ಕಣಗಳಾದ ದಾರಿಹೋಕ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ತಟ್ಟೆಯ ಹಾಗಿದ್ದ ಪ್ಲೇಟ್‌ಲೆಟ್ಟು ಮೈತುಂಬ ಮುಳ್ಳೆಬ್ಬಿಸಿಕೊಂಡು ತಾನೂ ಒಂದು ಪುಟ್ಟ ಹಲಸಿನಕಾಯಿಯಾಗಿ, ರಾಸಾಯನಿಕ ಚೆಲ್ಲಿ ಉಳಿದವರನ್ನು ಕರೆಯುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5ರಿಂದ 4.5 ಲಕ್ಷ ಇರುವಾಗ ಆಳಿಗೇನು ಬರ? (ತೋಟದ ಕೆಲಸಕ್ಕೆ ಹೀಗೆ ಸಿಕ್ಕಿದ್ದರೆ!) ಹಿಂದೆಯೇ ಥ್ರಾಂಬಿನ್ ಎಂಬ ಕಿಣ್ವ ಫೈಬ್ರಿನ್ ಎಳೆಗಳ ಬಲೆ ಕಟ್ಟಿಸಿ ಗುಂಪನ್ನು ಭದ್ರ ಮಾಡುತ್ತದೆ.

ಹತ್ತು ನಿಮಿಷಕ್ಕೆ ಬೆರಳು ತಣ್ಣಗಾಯಿತು. ಆದರೂ ನೆಲದ ಮೇಲೆ ಹೊಸ ಹೊಸ ಹನಿ. ಅತ್ತೆ ಇನ್ನೊಂದು ಹಿಡಿ ಹಾಕಿದರು. ಮತ್ತೆ ಹನಿ. ಮತ್ತೊಂದು ಹಿಡಿ. ಅಷ್ಟರಲ್ಲಿ ಅವರ ಮೊಮ್ಮಗಳು ಕಿರುಚಿದಳು: "ಅಜ್ಜೀ, ಮಾವನ ಕಾಲು ನೋಡು!"

ಕಿರುಬೆರಳ ಸಂದಿಯಿಂದ ಇಳಿಯುತ್ತಿತ್ತು. ಹಲಸಿನ ಜೊತೆ ತೋಟದಿಂದ ನಾನು ಹೊತ್ತು ತಂದಿದ್ದ ಉಂಬಳ, ಅಂದರೆ ಕಾಡಿನ ಜಿಗಣೆ, ಹೊಟ್ಟೆ ತುಂಬಿಸಿಕೊಂಡು ಆಗಲೇ ಮಣೆಯ ಕೆಳಗೆ ಉರುಳಿತ್ತು. ಅದರ ಎಂಜಲು ಥ್ರಾಂಬಿನ್ನಿನ ಕೈ ಕಟ್ಟಿಹಾಕುತ್ತದೆ. ಬಲೆ ಕಟ್ಟಿಸುವ ಮೇಸ್ತ್ರಿಯೇ ಇಲ್ಲ. ಕತ್ತಿ ಸೀಳಿದ್ದು ನಿಂತರೂ ಸಾಸಿವೆಕಾಳಿನಷ್ಟು ಕಡಿತ ಸಂಜೆವರೆಗೂ ಒಸರಿತು.

ಪೇಟೆಯ ಡಾಕ್ಟರು ಬೆರಳನ್ನು ಮೂರು ಸಲ ತೊಳೆದು ಬೇಸಿನ್ ನೋಡಿದರು. "ಡಿಕಾಕ್ಷನ್ ಗಟ್ಟಿಯಾಗೇ ಇಳಿದಿದೆಯಲ್ರೀ." ಆಮೇಲೆ ಟಿಟಿ ಚುಚ್ಚಿ, ಮುಂದಿನ ಸಲ ಬರೀ ಶುಭ್ರವಾದ ಬಟ್ಟೆ ಒತ್ತಿ ಹಿಡಿಯಿರಿ ಅಂದರು.

ಮರುದಿನ ಬೆಳಿಗ್ಗೆ ಆ ಕಾಫಿ ತೋಟದ ಮನೆಯಲ್ಲಿ ಎಲ್ಲರೂ ಟೀ ಕುಡಿದೆವು.