ಕೆಟ್ಟದಾಗಿ ಆಡುವವರು ಬೇಕಾಗಿದ್ದಾರೆ

ಭಾನುವಾರ ಬೆಳಿಗ್ಗೆ ಇಪ್ಪತ್ತೆರಡು ಜೆರ್ಸಿ ಒಗೆದೆ. ಒಂದೊಂದೂ ಮಳೆಯಲ್ಲಿ ನೆನೆದ ಗೋಣಿಚೀಲದಷ್ಟು ಭಾರ. ಶನಿವಾರ ರಾತ್ರಿಯೇ ಹಿತ್ತಲಲ್ಲಿ ಪೈಪು ಹಿಡಿದು ಕೆಸರು ಇಳಿಸಿ ಬಕೆಟ್ಟಿನಲ್ಲಿ ನೆನೆಹಾಕಬೇಕು, ಮಷೀನಿನ ಮಾತು ಆಮೇಲೆ. ನೇರ ಮಷೀನಿಗೇ ತುರುಕಿದರೆ ಏನಾಗುತ್ತದೆ ಅನ್ನೋದನ್ನು ಹೋದ ವರ್ಷ ಕಲಿತೆ. ರಿಪೇರಿಯವನಿಗೆ ಕೊಟ್ಟ ದುಡ್ಡನ್ನು ಮನೆಯಲ್ಲಿ ಇವತ್ತಿಗೂ ಎತ್ತಿ ಆಡುತ್ತಾರೆ. ವಾಟ್ಸಾಪ್ ಕಾಲ್‌ನಲ್ಲಿ ಹಗ್ಗದ ತುಂಬಾ ಒಂದೇ ಬಣ್ಣದ ಅಂಗಿ ನೋಡಿ ಅಮ್ಮ ಕೇಳಿದರು, "ಅಷ್ಟು ದೂರ ಹೋಗಿ ಯಾರ ಬಟ್ಟೆ ಒಗೀತಿದ್ಯೋ?"

ನಾನಿರೋದು ದಕ್ಷಿಣ ವೇಲ್ಸ್‌ನ ಒಂದು ಕಣಿವೆ ಊರಲ್ಲಿ. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ. ಸಕಲೇಶಪುರದಲ್ಲಿ ಬೆಳೆದವನಿಗೆ ಇಲ್ಲಿನ ಮಳೆ ಹೊಸದಲ್ಲ, ಆದರೆ ನಮ್ಮ ಮಳೆಗೆ ನಿಲ್ಲುವ ತಿಂಗಳು ಅಂತ ಒಂದಿರುತ್ತದೆ. ಮಗನಿಗೆ ಏಳಾದಾಗ ಶಾಲೆಯ ಸ್ನೇಹಿತರ ಜೊತೆ ಊರಿನ ರಗ್ಬಿ ಕ್ಲಬ್ಬಿಗೆ ಹೋದ. ನಾನು ಛತ್ರಿ ಹಿಡಿದು ಗೆರೆಯ ಆಚೆ ನಿಂತೆ. ಅಲ್ಲಿ ಸುಮ್ಮನೆ ನಿಂತವರ ಕೈಗೆ ಏನಾದರೂ ಕೊಟ್ಟೇ ಕೊಡುತ್ತಾರೆ. ಮೊದಲು ನೀರಿನ ಬಾಟಲಿ, ಆಮೇಲೆ ಮೂಲೆಯ ಬಾವುಟ, ಈಗ ಬಟ್ಟೆ.

ನಮ್ಮಲ್ಲಿ ಕ್ಲಬ್ ಅಂದರೆ ಇಸ್ಪೀಟು, ಪೆಗ್ಗು. ಇಲ್ಲೂ ಕುಡಿತಕ್ಕೇನು ಕಮ್ಮಿಯಿಲ್ಲ ಬಿಡಿ. ಆದರೆ ಕಲ್ಲಿದ್ದಲ ಗಣಿಗಳಿದ್ದ ಈ ಕಣಿವೆಗಳಲ್ಲಿ ರಗ್ಬಿ ಕ್ಲಬ್ ಅಂದರೆ ಕಲ್ಯಾಣಮಂಟಪ, ತಿಥಿಯೂಟದ ಮನೆ, ಹರಟೆಕಟ್ಟೆ ಎಲ್ಲವೂ. ಗೋಡೆ ತುಂಬ ಹಳೇ ನಾಯಕರ ಫೋಟೋ, ಮರದ ಹಲಗೆಯ ಮೇಲೆ ಚಿನ್ನದ ಅಕ್ಷರದಲ್ಲಿ ಹೆಸರು. 1984-85ರ ದೊಡ್ಡ ಮುಷ್ಕರ ಸೋತ ಮೇಲೆ ಗಣಿಗಳು ಒಂದೊಂದಾಗಿ ಮುಚ್ಚಿದವು. ಎಷ್ಟೋ ಊರುಗಳಲ್ಲಿ ಪ್ರಾರ್ಥನಾ ಮಂದಿರಗಳಿಗೂ ಬೀಗ ಬಿತ್ತು. ಕ್ಲಬ್ ಉಳಿಯಿತು. ಈಗ ಅದಕ್ಕೂ ಉಸಿರು ಕಟ್ಟುತ್ತಿದೆ.

ಯಾಕೆ ಅಂತ ಕೇಳಿದರೆ ಬಾರ್‌ನಲ್ಲಿ ಕೂತವರ ಹತ್ತಿರ ಸಿದ್ಧ ಉತ್ತರ ಇದೆ: ಈಗಿನ ಹುಡುಗರು ಮೊಬೈಲು ಬಿಟ್ಟು ಏಳಲ್ಲ. ನಾನು ಒಪ್ಪಲ್ಲ. ಭಾನುವಾರ ಬೆಳಿಗ್ಗೆ ಬಂದು ನೋಡಿ, ಸೊಂಟಕ್ಕೆ ಬಣ್ಣದ ಪಟ್ಟಿ ಸಿಕ್ಕಿಸಿಕೊಂಡು ಓಡುವ ಪುಟಾಣಿಗಳು ಮೈದಾನದ ತುಂಬ. ಬರ ಇರೋದು ದೊಡ್ಡವರಿಗೆ. ಹದಿನಾರರಿಂದ ಇಪ್ಪತ್ತರ ನಡುವೆ ಎಲ್ಲೋ ಇವರು ಸೋರಿಹೋಗುತ್ತಾರೆ. ಸೋರುವ ತೂತು ಎಲ್ಲಿದೆ ಅನ್ನೋದರ ಬಗ್ಗೆ ನನಗೊಂದು ಖಚಿತ ಅಭಿಪ್ರಾಯ ಇದೆ, ಅದನ್ನು ಹೇಳೋಕೇ ಈ ಪೋಸ್ಟು.

ಮೂರನೇ ತಂಡ.

ನಮ್ಮ ಕ್ಲಬ್ಬಿಗೆ ಒಂದು ಕಾಲಕ್ಕೆ ಮೂರು ತಂಡ ಇತ್ತು. ಮೊದಲನೆಯದು ಗೆಲ್ಲೋಕೆ, ಎರಡನೆಯದು ಮೊದಲನೆಯದಕ್ಕೆ ಏರೋಕೆ. ಮೂರನೆಯದು ಯಾತಕ್ಕೂ ಅಲ್ಲ. ಹೊಟ್ಟೆ ಬಂದ ಪ್ಲಂಬರ್, ಮಂಡಿ ಹೋದ ಮೇಷ್ಟ್ರು, ಹಿಂದಿನ ರಾತ್ರಿಯ ಅಮಲು ಪೂರ್ತಿ ಇಳಿಯದ ಇಬ್ಬರು, ಜೊತೆಗೆ ಆಗಷ್ಟೇ ಹದಿನೆಂಟು ತುಂಬಿದ ನಾಲ್ಕು ಹುಡುಗರು. ಚೆಂಡು ಕೈಜಾರುತ್ತಿತ್ತು, ಅರ್ಧ ಆಟ ನಗುವಿನಲ್ಲೇ ಹೋಗುತ್ತಿತ್ತು. ನಾನು ಬರುವ ಹೊತ್ತಿಗೆ ಅದು ನಿಂತು ಕೆಲವು ವರ್ಷ ಆಗಿತ್ತು. ನಿಂತಾಗ ಯಾರೂ ಅಳಲಿಲ್ಲವಂತೆ. ಖರ್ಚು ಉಳಿಯಿತು ಅಂತ ಸಮಿತಿ ಸಭೆಯಲ್ಲಿ ಬರೆದುಕೊಂಡರಂತೆ.

ಆಮೇಲೆ ಏನಾಯಿತು ನೋಡಿ. ಹದಿನೆಂಟರ ಹುಡುಗನಿಗೆ ಕಿರಿಯರ ತಂಡ ಮುಗಿದ ಮೇಲೆ ಮೆತ್ತಗೆ ಕಾಲೂರೋಕೆ ಜಾಗ ಇಲ್ಲ. ಸೀದಾ ನೂರಹತ್ತು ಕಿಲೋದ ಮೂವತ್ತು ವರ್ಷದ ಗಂಡಸಿನ ಎದುರಿಗೆ. ಎರಡು ಶನಿವಾರ ಬರುತ್ತಾನೆ, ಮೂರನೇ ಶನಿವಾರ ಫೋನ್ ಎತ್ತಲ್ಲ. ಗಾಯವಾಗಿ ನಾಲ್ಕು ತಿಂಗಳು ಕೂತವನಿಗೂ ಅಷ್ಟೇ, ನಿಧಾನವಾಗಿ ವಾಪಸ್ ಬರೋಕೆ ದಾರಿಯಿಲ್ಲ. ಸೋಮವಾರ ಬೆಳಿಗ್ಗೆ ನಮ್ಮ ವಿಭಾಗದ ಬೆಂಚಿನಲ್ಲಿ ತೋಳನ್ನು ಜೋಲಿಗೆ ಹಾಕಿಕೊಂಡು ಕೂತಿರೋ ಹುಡುಗರನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಕೊರಳೆಲುಬು ಆರೇಳು ವಾರದಲ್ಲಿ ಕೂಡಿಕೊಳ್ಳುತ್ತದೆ. ಮತ್ತೆ ಆಟಕ್ಕೆ ಹೋಗ್ತೀಯಾ ಅಂದರೆ ನೆಲ ನೋಡುತ್ತಾರೆ.

ಮೂವತ್ತೈದು ದಾಟಿದವರು ಆಡೋದು ಬಿಟ್ಟರು ಅಂದರೆ ಬರೀ ಆಟಗಾರರು ಹೋದರು ಅಂತಲ್ಲ. ಗೆರೆ ಎಳೆಯುತ್ತಿದ್ದವರು, ಹುಲ್ಲು ಕತ್ತರಿಸುತ್ತಿದ್ದವರು, ಚರಂಡಿ ಕಟ್ಟಿದಾಗ ಪುಕ್ಕಟೆ ಬಿಡಿಸುತ್ತಿದ್ದ ಆ ಪ್ಲಂಬರ್ ಎಲ್ಲಾ ಅವರೇ. ಶನಿವಾರ ಆಡಿದವನು ಆಟ ಮುಗಿದ ಮೇಲೆ ಕ್ಲಬ್ಬಲ್ಲೇ ಕೂರುತ್ತಾನೆ, ಹೆಂಡತಿ ಮಕ್ಕಳು ಬರುತ್ತಾರೆ, ಬಾರ್ ನಡೆಯುತ್ತದೆ. ನಮ್ಮ ಕ್ಲಬ್ ನಡೆಯೋದು ಬಾರಿನ ದುಡ್ಡಲ್ಲಿ. ಫ್ಲಡ್‌ಲೈಟಿನ ಕರೆಂಟು ಬಿಲ್ಲು, ವಿಮೆ, ಎದುರಾಳಿ ಊರಿಗೆ ಬಸ್ಸು ಎಲ್ಲಕ್ಕೂ ಅದೇ. ದೇಶದ ತಂಡ ಆಡುವ ದಿನ ಟಿವಿ ಮುಂದೆ ಜನ ತುಂಬಿ ಒಂದಿಷ್ಟು ಕಾಸಾಗುತ್ತದೆ. ಆದರೆ 2023ರ ಅಕ್ಟೋಬರ್‌ನಿಂದ 2025ರ ಜುಲೈವರೆಗೆ ವೇಲ್ಸ್ ಒಂದರ ಹಿಂದೊಂದು 18 ಟೆಸ್ಟ್, ಅಂದರೆ ಬೇರೆ ದೇಶಗಳ ಜೊತೆಗಿನ ಪಂದ್ಯ, ಸೋತಿತು. ಸೋಲುವ ತಂಡ ನೋಡುತ್ತಾ ಎರಡನೇ ಗ್ಲಾಸು ಕೇಳುವವರು ಕಮ್ಮಿ.

ರಗ್ಬಿಗೇ ಅಂತ ಇನ್ನೊಂದು ಕಷ್ಟ ಇದೆ, ನಮ್ಮ ಕಡೆಯವರಿಗೆ ಅದು ಗೊತ್ತಿರಲಿಕ್ಕಿಲ್ಲ. ವಾಲಿಬಾಲಿಗೆ ಆರು ಜನ ಸಿಕ್ಕರೆ ಆಯ್ತು, ಯಾರು ಬೇಕಾದರೂ ನಡೆಯುತ್ತದೆ. ಇಲ್ಲಿ ಹದಿನೈದು ಜನ ಬೇಕು, ಅದರಲ್ಲೂ ಸ್ಕ್ರಮ್‌ನ ಮುಂದಿನ ಸಾಲಿಗೆ ಮೂವರು ಅದಕ್ಕೇ ಪಳಗಿದವರು ಬೇಕು. ಎಂಟು ಜನ ಆ ಕಡೆಯಿಂದ, ಎಂಟು ಜನ ಈ ಕಡೆಯಿಂದ ತಲೆ ತಗ್ಗಿಸಿ ಹೆಗಲು ಕೊಟ್ಟು ನೂಕುವಾಗ ಅಷ್ಟೂ ಭಾರ ಬರೋದು ಆ ಮೂವರ ಕತ್ತಿನ ಮೇಲೆ. ಪಳಗದವನನ್ನು ನಿಲ್ಲಿಸಿದರೆ ಕುತ್ತಿಗೆಗೇ ಸಂಚಕಾರ. ಅದಕ್ಕೆ ಮುಂದಿನ ಸಾಲಿನವರು ಸಾಲದೆ ಬಂದರೆ ರೆಫರಿ ನೂಕಾಟವೇ ಇಲ್ಲದ ಸ್ಕ್ರಮ್ ಆಡಿಸುತ್ತಾರೆ. ತೇರಿಲ್ಲದ ಜಾತ್ರೆ. ಒಳ್ಳೆಯ ಪ್ರಾಪ್ (ಆ ಸಾಲಿನ ತುದಿಯಲ್ಲಿ ನಿಲ್ಲುವವ) ಒಬ್ಬ ಊರಲ್ಲಿದ್ದರೆ ಅವನ ಮದುವೆ ದಿನಾಂಕವನ್ನೂ ಪಂದ್ಯಗಳ ಪಟ್ಟಿ ನೋಡಿ ಇಡಿಸುತ್ತಾರೆ. ತಮಾಷೆಗೆ ಹೇಳುತ್ತಿಲ್ಲ. ಅಂಥವರು ತಯಾರಾಗುತ್ತಿದ್ದದ್ದೂ ಮೂರನೇ ತಂಡದಲ್ಲೇ, ಹಳೇ ಹುಲಿಗಳ ಪಕ್ಕ ಕತ್ತು ಕೊಟ್ಟು ಕೊಟ್ಟು.

ಇನ್ನು ಶನಿವಾರದ ಪಾಳಿ. ಗೋದಾಮು, ಸೂಪರ್‌ಮಾರ್ಕೆಟ್ಟು, ಆಸ್ಪತ್ರೆ ಎಲ್ಲಿಗೂ ಶನಿವಾರ ರಜೆಯಿಲ್ಲ. ಹುಡುಗ ಮಧ್ಯಾಹ್ನದ ಆಟಕ್ಕೆ ಬರಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಈ ಜಗಳ ಹೊಸದೇನಲ್ಲ. ಕೂಲಿ ಬಿಟ್ಟು ಆಡಲು ಬರುವ ಗಣಿ, ಗಿರಣಿ ಕಾರ್ಮಿಕರಿಗೆ ನಷ್ಟ ತುಂಬಿಕೊಡಬೇಕೋ ಬೇಡವೋ ಅಂತ ಜಟಾಪಟಿಯಾಗಿ 1895ರಲ್ಲಿ ಇಂಗ್ಲೆಂಡಿನ ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡ್‌ನ ಹೋಟೆಲೊಂದರಲ್ಲಿ ಸೇರಿ ಬೇರೆ ಮನೆ ಮಾಡಿದವು. ರಗ್ಬಿ ಲೀಗ್ ಅನ್ನೋ ಬೇರೆ ಆಟ ಹುಟ್ಟಿದ್ದು ಹಾಗೆ. ಇತ್ತ ರಗ್ಬಿ ಯೂನಿಯನ್‌ನವರು, ಅಂದರೆ ನಮ್ಮ ಈ ಹದಿನೈದು ಜನರ ಆಟದವರು, ಕಾಸು ಮುಟ್ಟದ ಮಡಿಯನ್ನು ಸರಿಯಾಗಿ ನೂರು ವರ್ಷ ಕಾಪಾಡಿಕೊಂಡು 1995ರಲ್ಲಿ ಕೈಬಿಟ್ಟರು. ದುಡ್ಡೇನೋ ಬಂತು, ಮೇಲಿನವರಿಗೆ. ಗೋದಾಮಿನ ಹುಡುಗನ ಶನಿವಾರ ಮಾತ್ರ 1895ರಲ್ಲಿ ಇದ್ದಲ್ಲೇ ಇದೆ.

ಒಂದು ವಿಷಯ ಗೊತ್ತಾದಾಗ ನನಗೆ ನಗು ಬಂತು. ರಗ್ಬಿ ಕ್ಲಬ್ಬೊಂದು ಜನ ಸಾಲದೆ ಮುಚ್ಚಿದ ತೀರಾ ಹಳೆಯ ಕತೆಗಳಲ್ಲೊಂದು ನಡೆದದ್ದು ಭಾರತದಲ್ಲೇ. 1873ರಲ್ಲಿ ಕಲ್ಕತ್ತದ ಬ್ರಿಟಿಷರು ಒಂದು ಕ್ಲಬ್ ಕಟ್ಟಿದರು. ಬಾರ್‌ನಲ್ಲಿ ಪುಕ್ಕಟೆ ಕುಡಿಯೋಕೆ ಸಿಗುವವರೆಗೆ ಸದಸ್ಯರಿಗೇನೂ ಬರವಿರಲಿಲ್ಲ. ಆ ಪುಕ್ಕಟೆ ಕುಡಿತ ನಿಂತಿತು, ಸೇನೆಯ ತುಕಡಿ ಊರು ಬಿಟ್ಟಿತು, ಉಳಿದವರು ಪೋಲೋ, ಟೆನಿಸ್ಸು ಅಂತ ಹೋದರು. 1878ರಲ್ಲಿ ಬಾಗಿಲು ಹಾಕುವಾಗ ಬ್ಯಾಂಕಿನಲ್ಲಿದ್ದದ್ದನ್ನು ಬೆಳ್ಳಿ ರೂಪಾಯಿಗಳಲ್ಲಿ ತೆಗೆದು, ಕರಗಿಸಿ, ಒಂದು ಬಟ್ಟಲು ಮಾಡಿಸಿದರು. ಹಿಡಿಕೆಗಳು ಮೂರು ನಾಗರಹಾವು, ಮುಚ್ಚಳದ ಮೇಲೊಂದು ಆನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇವತ್ತಿಗೂ ಕಾದಾಡುವ ಕಲ್ಕತ್ತ ಕಪ್ ಅದೇ. ನಮ್ಮ ಖಜಾಂಚಿ ತಾತನಿಗೆ ಈ ಕತೆ ಹೇಳಿದೆ. ಗೆರೆ ಎಳೆಯುವ ಗಾಡಿ ನಿಲ್ಲಿಸಿ ಪೂರ್ತಿ ಕೇಳಿದರು. "ನಮ್ಮ ಬ್ಯಾಂಕಿನಲ್ಲಿ ಇರೋದನ್ನ ಕರಗಿಸಿದರೆ ಒಂದು ಚಮಚ ಆಗಬಹುದು" ಅಂದು ಮತ್ತೆ ಗಾಡಿ ತಳ್ಳಿದರು.

ಅವರಿಗೆ ಎಪ್ಪತ್ತಾರು. ಶನಿವಾರ ಬೆಳಿಗ್ಗೆ ಎಂಟಕ್ಕೆ ಬಂದು ಮೊದಲು ನಾಯಿಯ ಹೊಲಸು ಎತ್ತುತ್ತಾರೆ, ಆಮೇಲೆ ಬಿಳಿ ಬಣ್ಣ ಕಲಸುತ್ತಾರೆ. ನೂರು ಮೀಟರ್ ಉದ್ದದ ಗೆರೆಯನ್ನು ದಾರ ಹಿಡಿಯದೆ ನೆಟ್ಟಗೆ ಎಳೆಯಬಲ್ಲರು. ಮಳೆಗೆ ಬಣ್ಣ ಕಲೆಸಿಹೋದರೆ ಮತ್ತೆ ಮೊದಲಿಂದ. 2020ರ ಫೆಬ್ರವರಿಯಲ್ಲಿ ಡೆನಿಸ್ ಚಂಡಮಾರುತಕ್ಕೆ ಈ ಭಾಗದ ನದಿಗಳು ಉಕ್ಕಿದಾಗ ಬಟ್ಟೆ ಬದಲಿಸುವ ಕೋಣೆಯಲ್ಲಿ ಮೊಣಕಾಲುದ್ದ ಕೆಸರು ನಿಂತಿತ್ತಂತೆ. ಸಲಿಕೆ ಹಿಡಿದವರಲ್ಲಿ ಮುಕ್ಕಾಲು ಪಾಲು ಮೂರನೇ ತಂಡದ ಹಳಬರು. ಮತ್ತೆ ಹಾಗಾದರೆ ಸಲಿಕೆ ಯಾರು ಹಿಡೀತಾರೆ ಅಂತ ನಾನು ಕೇಳಲಿಲ್ಲ.

ಪರಿಹಾರ ಅಂತ ಈಗ ಸಮಿತಿಯಲ್ಲಿ ಓಡಾಡುತ್ತಿರೋ ಮಾತು, ಪಕ್ಕದ ಊರಿನ ಕ್ಲಬ್ಬಿನ ಜೊತೆ ಸೇರಿಬಿಡೋಣ ಅಂತ. ಎರಡು ಊರಿಗೂ ನಡುವೆ ಮೂರು ಮೈಲಿ. ಹಳಬರು ಹೌಹಾರಿದ್ದಾರೆ. ಆ ಊರಿನ ಸೊಸೆಯನ್ನು ಬೇಕಾದರೆ ತಂದುಕೊಂಡೇವು, ಆ ಜೆರ್ಸಿ ತೊಡೋದುಂಟಾ ಅನ್ನೋ ಧಾಟಿ. ನನ್ನ ವಿರೋಧ ಅದಕ್ಕಲ್ಲ. ಎರಡು ಕ್ಲಬ್ ಸೇರಿಸಿದರೆ ಎರಡೂ ಕಡೆಯ ಒಳ್ಳೆಯವರು, ಬದಲಿ ಆಟಗಾರರೂ ಸೇರಿ ಇಪ್ಪತ್ತಮೂರು ಜನ, ಉಳಿಯುತ್ತಾರೆ, ಮಿಕ್ಕವರು ಮನೆಗೆ. ರೋಗಕ್ಕೆ ಕಾರಣವಾದದ್ದನ್ನೇ ಇನ್ನೊಂದು ಡೋಸು ಕೊಟ್ಟ ಹಾಗೆ. ಸಭೆಯಲ್ಲಿ ಹೀಗೇ ಹೇಳಿದೆ. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಲೆಕ್ಕಪತ್ರ ಓದಿದರು, ಆಮೇಲೆ ಯಾರೂ ಮಾತಾಡಲಿಲ್ಲ.

ನನ್ನ ತಲೆಯಲ್ಲಿ ಇದ್ದದ್ದು ಕೊಡವ ಹಾಕಿ ಹಬ್ಬ, ಕೊಡಗಿನ ಮನೆತನಗಳ ನಡುವಿನ ಹಾಕಿ ಪಂದ್ಯಾವಳಿ. ಘಟ್ಟದ ಆಚೀಚೆಯವರಿಗೆ ಹೇಳಬೇಕಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳ ತಂಡ ಸೇರಿಸಿ ಶುರು ಮಾಡಿದ್ದು, 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡ. ಅಲ್ಲಿ ದೇಶಕ್ಕೆ ಆಡಿದವನ ಪಕ್ಕದಲ್ಲೇ ಅವನ ಚಿಕ್ಕಪ್ಪ, ಚಿಕ್ಕಮ್ಮ, ಹೈಸ್ಕೂಲಿನ ಹುಡುಗಿ ಸ್ಟಿಕ್ ಹಿಡಿದು ಓಡುತ್ತಾರೆ. ಮನೆತನದ ತಂಡಕ್ಕೆ ಹನ್ನೊಂದು ಜನ ಬೇಕು ಅಂದಾಗ ಚೆನ್ನಾಗಿ ಆಡುತ್ತೀಯಾ ಅಂತ ಯಾರೂ ಕೇಳಲ್ಲ, ಬರ್ತೀಯಾ ಅಂತ ಕೇಳುತ್ತಾರೆ. ಸ್ಕ್ರಮ್ಮಿಗೆ ಅಜ್ಜಿಯನ್ನು ನಿಲ್ಲಿಸೋಕಾಗಲ್ಲ, ಒಪ್ಪಿದೆ. ಆದರೆ ತಿಂಗಳಿಗೊಂದು ಶನಿವಾರ, ಪಾಯಿಂಟ್ಸು ಗೀಯಿಂಟ್ಸು ಏನೂ ಇಲ್ಲದ ಆಟ, ನೂಕಾಟವಿಲ್ಲದ ಸ್ಕ್ರಮ್ಮೇ ಇರಲಿ, ಸೋತವರಿಗೂ ಗೆದ್ದವರಿಗೂ ಕ್ಲಬ್ಬಿನಲ್ಲೇ ಕರಿ, ಅರ್ಧ ಅನ್ನ, ಅರ್ಧ ಆಲೂಗಡ್ಡೆ ಚಿಪ್ಸು. (ಹೌದು, ವೇಲ್ಸ್‌ನಲ್ಲಿ ಒಂದೇ ತಟ್ಟೆಗೆ ಎರಡನ್ನೂ ಹಾಕಿ ಮೇಲೆ ಸಾರು ಸುರಿದು ತಿನ್ನುತ್ತಾರೆ. ಮೊದಲ ವರ್ಷ ನಾನು ಮುಖ ಕಿವುಚಿದ್ದೆ. ಈಗ ನಾನೇ ಹೇಳಿ ಹಾಕಿಸಿಕೊಳ್ಳುತ್ತೇನೆ.)

ಖಜಾಂಚಿ ತಾತನಿಗೆ ಇದನ್ನು ಜೆರ್ಸಿ ಚೀಲ ವಾಪಸ್ ಕೊಡುವಾಗ ಹೇಳಿದೆ. ಅವರು ಒಂದೊಂದೇ ಜೆರ್ಸಿ ತೆಗೆದು ಹೊಲಿಗೆ ಬಿಟ್ಟಿದೆಯಾ ಅಂತ ನೋಡುತ್ತಿದ್ದರು. ತಲೆ ಎತ್ತದೆ ಕೇಳಿದರು, "ಹದಿನೈದು ಜನ ಎಲ್ಲಿಂದ ತರ್ತೀಯ?" ಬೆರಳಲ್ಲಿ ಎಣಿಸಿದೆ. ಪ್ಲಂಬರ್ ಬರ್ತಾನೆ. ಮೇಷ್ಟ್ರು ಮಂಡಿಗೆ ಪಟ್ಟಿ ಕಟ್ಟಿಕೊಂಡಾದರೂ ಬರ್ತಾರೆ. ನಮ್ಮ ಆಸ್ಪತ್ರೆಯ ಕೇರಳದ ಇಬ್ಬರು ನರ್ಸ್ ಹುಡುಗರು, ಫುಟ್‌ಬಾಲ್ ಆಡಿದವರು. ಮಕ್ಕಳನ್ನು ಬಿಡೋಕೆ ಬಂದು ಕಾರಲ್ಲೇ ಕೂರುವ ಅಪ್ಪಂದಿರು ಐದಾರು. ಎಷ್ಟು ಎಳೆದಾಡಿದರೂ ಹದಿನಾಲ್ಕಕ್ಕೆ ನಿಂತಿತು.

ನಿನ್ನೆ ರಾತ್ರಿ ತಾತನಿಂದ ಒಂದೇ ಸಾಲಿನ ಮೆಸೇಜು ಬಂತು: "ನಿನ್ನ ಬೂಟಿನ ಸೈಜ್ ಎಷ್ಟು?"

ಎಂಟು ಅಂತ ಬರೆದು ಕಳಿಸಿದ್ದೇನೆ. ನನಗೆ ನಲವತ್ಮೂರು, ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯಲ್ಲಿ ಇನ್ನೂ ಹೇಳಿಲ್ಲ. ಈ ಪೋಸ್ಟ್ ನೋಡಿದ ಮೇಲೆ ಗೊತ್ತಾಗುತ್ತದೆ.